ಮಗನ ಎದೆಯಲ್ಲಿ ಮರ್ಮರ್ ಇದೆಯಂತೆ, ಈಗಲೇ ಎಕೋ ಮಾಡಿಸಬೇಕಾ?

ಪ್ರಶ್ನೆ
ಮಗನಿಗೆ ನಾಲ್ಕು ವರ್ಷ. ಜ್ವರಕ್ಕೆ ತೋರಿಸಲು ಹೋದಾಗ ಡಾಕ್ಟರು ಅವನನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಎದೆಬಡಿತ ಕೇಳಿದರು. "ಸಣ್ಣ ಮರ್ಮರ್, ಗ್ರೇಡ್ 2. ಜ್ವರ ಬಿಟ್ಟ ಮೇಲೆ ಮತ್ತೆ ಕರ್ಕೊಂಡು ಬನ್ನಿ" ಅಂದರು. ಹೃದಯದಲ್ಲಿ ತೂತೇನಾದರೂ ಇದೆಯಾ ಅಂತ ನಿದ್ದೆನೇ ಬರ್ತಿಲ್ಲ. ಓಡ್ತಾನೆ, ಆಡ್ತಾನೆ, ಚೆನ್ನಾಗಿ ಊಟ ಮಾಡ್ತಾನೆ. ಕಾಯೋದಾ, ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡಿಸೋದಾ?

ಉತ್ತರ 1
ನಾನು ಮಕ್ಕಳ ಎಕೋ ಮಾಡುವ ಕೆಲಸದಲ್ಲಿದ್ದೇನೆ ಮೇಡಂ. ನಿಮ್ಮಂಥ ಗಾಬರಿಯ ಮುಖಗಳನ್ನು ದಿನಾ ನೋಡ್ತೀನಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಲಬ್-ಡಬ್ ಅನ್ನೋದು ಕವಾಟ ಮುಚ್ಚುವ ಸದ್ದು. ಅದರ ನಡುವೆ ರಕ್ತ ಸುಳಿಸುಳಿಯಾಗಿ ಹರಿದರೆ 'ಹುಶ್' ಅಂತ ಕೇಳುತ್ತೆ, ಅದೇ ಮರ್ಮರ್. ಜ್ವರ ಬಂದಾಗ, ರಕ್ತ ಕಡಿಮೆ ಇದ್ದಾಗ ಹರಿವು ಜೋರಾಗುತ್ತೆ, ಆಗ ಗಟ್ಟಿಮುಟ್ಟಾದ ಹೃದಯದಲ್ಲೂ ಇದು ಕೇಳಬಹುದು. ಡಾಕ್ಟರು ನಿಲ್ಲಿಸಿ ಕೇಳಿದ್ದಕ್ಕೂ ಕಾರಣವಿದೆ: ತೊಂದರೆಯಿಲ್ಲದ ಮರ್ಮರ್ ಸಾಮಾನ್ಯವಾಗಿ ನಿಂತಾಗ ಇಳಿಯುತ್ತೆ. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆಯಲ್ಲಿ ನಿಂತಾಗ ಏರುತ್ತೆ. ಗ್ರೇಡ್ 1ರಿಂದ 6ರವರೆಗೆ ಇದೆ. 4 ಅಥವಾ ಅದಕ್ಕಿಂತ ಮೇಲಿದ್ದರೆ ಎದೆ ಮೇಲೆ ಅಂಗೈ ಇಟ್ಟರೂ ಕಂಪನ ಸಿಗುತ್ತೆ. ಆದರೆ ಗ್ರೇಡ್ ಹೇಳೋದು ಸದ್ದು ಎಷ್ಟು ಜೋರು ಅಂತ ಮಾತ್ರ. ಸಣ್ಣ ತೂತು ದೊಡ್ಡ ಸದ್ದು ಮಾಡುತ್ತೆ, ದೊಡ್ಡ ತೂತು ಎಷ್ಟೋ ಸಲ ಮೆತ್ತಗಿರುತ್ತೆ. ಹಾಗಾಗಿ ನಂಬರ್ ಹಿಡ್ಕೊಂಡು ಹೆದರಬೇಡಿ, ನಂಬರ್ ನೋಡಿ ನಿರಾಳವೂ ಆಗಬೇಡಿ. ಹೃದಯ ಸಡಿಲಗೊಳ್ಳುವ ಹೊತ್ತಲ್ಲಿ ಕೇಳುವ ಮರ್ಮರ್ ಆದರೆ ಎಷ್ಟೇ ಮೆಲ್ಲಗಿದ್ದರೂ ಎಕೋ ಬೇಕೇ ಬೇಕು.

ಉತ್ತರ 2
ನನ್ನ ಮಗಳಿಗೆ ಹುಟ್ಟಿದಾಗಲೇ ಸಣ್ಣ ವಿಎಸ್‌ಡಿ (ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು) ಇತ್ತು. ಆಪರೇಷನ್ ಬೇಕಾಗಲಿಲ್ಲ, ಬೆಳೀತಾ ತಾನಾಗೇ ಮುಚ್ಚಿಕೊಂಡಿತು. ತೂತು ಅಂದ ತಕ್ಷಣ ಆಪರೇಷನ್ ಅಂದ್ಕೋಬೇಡಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಥ್ಯಾಂಕ್ಸ್. ಎಕೋ ನೋವಾಗುತ್ತಾ? ಇಸಿಜಿ ಸಾಲಲ್ವಾ?

ಉತ್ತರ 1
ನೋವಿಲ್ಲ, ಎಕ್ಸ್‌ರೇ ಥರ ವಿಕಿರಣವೂ ಇಲ್ಲ. ಎದೆಗೆ ತಣ್ಣನೆ ಜೆಲ್ ಹಚ್ಚಿ ಪ್ರೋಬ್ ಆಡಿಸ್ತೀವಿ. ಎಡ ಮಗ್ಗುಲಿಗೆ ಮಲಗಬೇಕು, ಕೈಗೆ ಕಾರ್ಟೂನ್ ಕೊಟ್ಟರೆ ಈ ವಯಸ್ಸಿನವರು ಸಾಮಾನ್ಯವಾಗಿ ಸುಮ್ಮನಿರ್ತಾರೆ. ಇಸಿಜಿ ಹೃದಯದ ವಿದ್ಯುತ್ ತೋರಿಸುತ್ತೆ. ಕವಾಟ, ತೂತು, ರಕ್ತ ಹೋಗುವ ದಾರಿ ಎಕೋದಲ್ಲೇ ಕಾಣೋದು.

ನಿಮ್ಮ ಡಾಕ್ಟರು ಹೇಳಿದ ಹಾಗೆ ಜ್ವರ ಬಿಟ್ಟ ಮೇಲೆ ಮತ್ತೆ ತೋರಿಸಿ. ಆಗಲೂ ಸದ್ದು ಇದ್ದರೆ ಮಕ್ಕಳ ಹೃದಯ ತಜ್ಞರಿಗೆ ತೋರಿಸಬೇಕಾ ಅಂತ ಅವರನ್ನೇ ಕೇಳಿ. ಆದರೆ ತುಟಿ ನೀಲಿಯಾದರೆ, ಆಡುವಾಗ ತಲೆ ತಿರುಗಿ ಬಿದ್ದರೆ, ಉಸಿರು ಕಟ್ಟಿದರೆ ಆ ದಿನಕ್ಕೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.