ಆನೆಗೊಂದಿಯ ‘ಗೊಂದಿ’: ಗುಂಡಿಯೋ, ದಾರಿಯೋ?

ಮಿತ್ರರೇ,

ತುಂಗಭದ್ರೆಯ ಉತ್ತರ ದಡದ ಆನೆಗೊಂದಿಯ ಬಗ್ಗೆ ಲೇಖನವೊಂದನ್ನು ಬರೆಯಲು ಕುಳಿತವನು ಊರಿನ ಹೆಸರಿನಲ್ಲೇ ನಿಂತುಬಿಟ್ಟಿದ್ದೇನೆ. ‘ಆನೆ ಬೀಳಿಸುವ ಗುಂಡಿ’ ಎಂಬ ವಿವರಣೆ ಬಹಳ ಪ್ರಚಾರದಲ್ಲಿದೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ಗುಂಡಿಯ ‘ಡ’ ಇಲ್ಲಿ ‘ದ’ ಆದದ್ದು ಹೇಗೆ? ‘ಗೊಂದಿ’ ಬೇರೆಯೇ ಪದ, ಈಗಲೂ ಬಳಕೆಯಲ್ಲಿದೆ. ಸಂದಿಗೊಂದಿ ಎಂದಾಗ ನಮ್ಮ ಕಣ್ಣಿಗೆ ಬರುವುದು ಇಕ್ಕಟ್ಟಿನ ಓಣಿ, ಹಳ್ಳವಲ್ಲ. ಭದ್ರಾವತಿಯ ಬಳಿ ಭದ್ರಾ ನದಿಯ ಅಣೆಕಟ್ಟೊಂದಕ್ಕೂ ಗೊಂದಿ ಎಂದೇ ಹೆಸರಿದೆ.

ಇನ್ನೊಂದು ಸುಳಿವು ಸಂಸ್ಕೃತದಿಂದ ಸಿಗುತ್ತದೆ. ವಿಜಯನಗರ ಕಾಲದ ಬರೆಹಗಳಲ್ಲಿ ಈ ಊರನ್ನು ಕುಂಜರಕೋಣ ಎಂದಿರುವುದುಂಟು. ಕುಂಜರ ಎಂದರೆ ಆನೆ, ಕೋಣ ಎಂದರೆ ಮೂಲೆ. ಹೆಸರನ್ನು ಹೀಗೆ ಸಂಸ್ಕೃತಕ್ಕೆ ತಂದವರ ಕಿವಿಗೆ ಗುಂಡಿ ಕೇಳಿಸಿರಲಿಲ್ಲ ಎಂದಾಯಿತು.

ನೆಲವೂ ಇದೇ ಮಾತನ್ನು ಹೇಳುತ್ತದೆ. ಬಂಡೆಗುಡ್ಡಗಳ ನಡುವಿನಿಂದ ಹೊಳೆಗಿಳಿದರೆ ಆಚೆ ದಡದಲ್ಲಿ ತಳವಾರಘಟ್ಟ, ಅದರಾಚೆ ಹಂಪಿ. (ಈ ‘ಘಟ್ಟ’ವನ್ನು ಮಲೆಯ ಘಟ್ಟವೆಂದು ತಿಳಿಯಬಾರದು, ಇದು ನೀರಿಗಿಳಿಯುವ, ದಾಟುವ ಜಾಗ.) 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹಿಂದೆ ಆನೆಗೊಂದಿಯೇ ರಾಜಧಾನಿಯಾಗಿತ್ತೆಂದು ಜನ ಹೇಳುವುದನ್ನು ಕೇಳಿ ಬರೆದಿದ್ದಾನೆ. ಅಲ್ಲಿನ ಹರಿಗೋಲುಗಳ ಚಿತ್ರವನ್ನಂತೂ ಅಚ್ಚುಕಟ್ಟಾಗಿ ಕೊಟ್ಟಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನರ ಭಾರ, ಹುಟ್ಟು ಹಾಕಿದಷ್ಟೂ ಗಿರಗಿರನೆ ತಿರುಗುವ ನಡೆ. ಬೇಕಾದರೆ ಕುದುರೆ, ಎತ್ತುಗಳನ್ನೂ ಅದರಲ್ಲೇ ಸಾಗಿಸುತ್ತಿದ್ದರು. ವಿಠಲ ದೇವಾಲಯದ ಬಳಿ ಹೊಳೆಯಲ್ಲಿ ಇಂದಿಗೂ ನಿಂತಿರುವ ಕಲ್ಲುಕಂಬಗಳು ಹಳೆಯ ಸೇತುವೆಯ ಉಳಿಕೆ. ಆದರೆ ಹರಿಗೋಲಿಗೂ ಸೇತುವೆಗೂ ಮೊದಲೇ ದಾಟುವ ಜಾಗ ಇದ್ದಿರಬೇಕು, ಹೆಸರು ಅದಕ್ಕೆ ಅಂಟಿಕೊಂಡಿರಬೇಕು. ಆನೆಗಳು ಹೊಳೆಗಿಳಿಯುತ್ತಿದ್ದ ಇಕ್ಕಟ್ಟಿನ ದಾರಿ, ಅದೇ ಆನೆಗೊಂದಿ ಎಂಬುದು ನನ್ನ ಊಹೆ.

ಊಹೆಯನ್ನು ಲೇಖನದಲ್ಲಿ ಅರ್ಥವೆಂದು ಬರೆಯಲು ಮನಸ್ಸು ಒಪ್ಪುವುದಿಲ್ಲ. ಶಾಸನಗಳಲ್ಲಾಗಲಿ ಹಳೆಯ ಕಾವ್ಯಗಳಲ್ಲಾಗಲಿ ‘ಗೊಂದಿ’ ದಾರಿ ಎಂಬ ಅರ್ಥದಲ್ಲಿ ಬಂದದ್ದನ್ನು ಕಂಡವರು ದಯವಿಟ್ಟು ಆ ಸಾಲನ್ನು ಇದ್ದಂತೆಯೇ ಬರೆದು ಕಳಿಸಿ. ಹಾಗೆಯೇ, ನಿಮ್ಮ ಕಡೆ ಹೊಳೆ ದಾಟುವ ಜಾಗಕ್ಕೆ ಏನೆನ್ನುತ್ತಾರೆ? ಕಡವು, ಹಾಯ್ಗಡ ಎಂಬೆರಡು ನನಗೆ ಗೊತ್ತು. ಗೊಂದಿ ಎನ್ನುವವರು ಯಾರಾದರೂ ಇದ್ದೀರಾ?