ವಿಜಿಎ ಸಾಕೋ, ಡಿವಿಐಗೆ ಹೋಗಲೋ? ಅನುಭವ ಇದ್ದವರು ಹೇಳಿ

ಡೊಂಬಿವಲಿಯಿಂದ ಪ್ರಶ್ನೆ

ಮನೆಯಲ್ಲೇ ಕೂತು ಮದುವೆ ಆಮಂತ್ರಣ, ಸಂಘದ ಕರಪತ್ರ ಟೈಪ್ ಮಾಡಿಕೊಡ್ತೀನಿ. ಹಳೇ ಸಿಪಿಯು ಕೈಕೊಟ್ಟಿತು. ಹೊಸದರಲ್ಲಿ ಮಾನಿಟರ್ ಕೇಬಲ್ ಚುಚ್ಚೋಕೆ ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಅನ್ನೋ ಎರಡೇ ಕಿಂಡಿ ಇವೆ. 22 ಇಂಚಿನ ಹಳೇ ಮಾನಿಟರ್‌ನಲ್ಲಿ ಇರೋದು ನೀಲಿ ವಿಜಿಎ ಕಿಂಡಿ, ಬಿಳಿ ಡಿವಿಐ ಕಿಂಡಿ. ಅಂಗಡಿಯವನು ಎಚ್‌ಡಿಎಂಐನಿಂದ ವಿಜಿಎಗೆ ಒಂದು ಕನ್ವರ್ಟರ್ ಕೊಟ್ಟ. ಚಿತ್ರ ಬರುತ್ತೆ, ಅಕ್ಷರ ಮಾತ್ರ ಮಂಜುಮಂಜು. ಮೊನ್ನೆ ‘ವಧು’ವಿನ ಧಕಾರದ ಸೀಳು ಕಾಣದೆ ‘ವದು’ ಅಂತಲೇ ಪ್ರೂಫ್ ಹೋಗಿಬಿಟ್ಟಿತು, ಹುಡುಗಿಯ ತಂದೆ ಫೋನ್ ಮಾಡಿದಾಗ ಗೊತ್ತಾಯ್ತು. ಹೊಸ ಮಾನಿಟರೇ ತರಬೇಕಾ?

ಮಾಟುಂಗಾದಿಂದ

ಬೇಡ ಅಕ್ಕ. ಬಿಳಿ ಡಿವಿಐ ಇದೆ ಅಂದಿರಲ್ಲ, ಅದನ್ನೇ ಬಳಸಿ. ಈಗ ಆಗ್ತಿರೋದು ಇಷ್ಟು: ಸಿಪಿಯು ಅಂಕಿಯ ರೂಪದಲ್ಲಿ ಕಳಿಸಿದ್ದನ್ನ ಕನ್ವರ್ಟರ್ ಒಳಗಿನ ಚಿಪ್ಪು ವೋಲ್ಟೇಜಿನ ಏರಿಳಿತ ಮಾಡುತ್ತೆ. ಕೆಂಪು, ಹಸಿರು, ನೀಲಿ ಮೂರಕ್ಕೂ ಸೊನ್ನೆಯಿಂದ 0.7 ವೋಲ್ಟ್ ಒಳಗೇ ಎಲ್ಲ ಛಾಯೆಯೂ ಬರಬೇಕು. ಅದನ್ನ ಮಾನಿಟರ್ ಮತ್ತೆ ಅಳೆದು ಅಂಕಿಗೆ ತರುತ್ತೆ. ಕನ್ನಡದಿಂದ ಮರಾಠಿಗೆ, ಮರಾಠಿಯಿಂದ ಮತ್ತೆ ಕನ್ನಡಕ್ಕೆ ಅನುವಾದ ಮಾಡಿಸಿದ ಹಾಗೆ. ವಿಜಿಎ ಬಂದಿದ್ದು 1987ರಲ್ಲಿ, ಆಗಿನ ದಪ್ಪ ಗಾಜಿನ ಮಾನಿಟರ್‌ಗೆ ಏರಿಳಿತವೇ ಬೇಕಿತ್ತು. ಎಲ್‌ಸಿಡಿಗೆ ಬೇಡ.

1999ರ ಡಿವಿಐ, 2002ರ ಎಚ್‌ಡಿಎಂಐ ಚಿತ್ರದ ಮಟ್ಟಿಗೆ ಅಣ್ಣತಮ್ಮಂದಿರು. ಸಂಕೇತ ಒಂದೇ, ಪ್ಲಗ್ಗಿನ ಆಕಾರ ಬೇರೆ. ಹಾಗಾಗಿ ಒಂದು ತುದಿ ಎಚ್‌ಡಿಎಂಐ, ಇನ್ನೊಂದು ಡಿವಿಐ ಇರೋ ಸಾದಾ ಕೇಬಲ್ ಸಾಕು, ಮಧ್ಯೆ ಚಿಪ್ಪು ಇಲ್ಲ. ಸಾದಾ (ಸಿಂಗಲ್ ಲಿಂಕ್) ಡಿವಿಐ 1920×1200 ಚುಕ್ಕಿಯ ಚಿತ್ರದವರೆಗೆ 60 ಹರ್ಟ್ಸ್‌ನಲ್ಲಿ, ಅಂದ್ರೆ ಸೆಕೆಂಡಿಗೆ 60 ಸಲ, ಆರಾಮಾಗಿ ಎಳೆಯುತ್ತೆ. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗೋದಾದ್ರೆ ಮಾನಿಟರ್ ಹಿಂಭಾಗದ ಫೋಟೋ ತಗೊಂಡು ಹೋಗಿ. ಚಪ್ಪಟೆ ಸೀಳಿನ ಸುತ್ತ ನಾಲ್ಕು ತೂತು ಇಲ್ಲದಿದ್ರೆ ಅಂಕಿಯ ಸಂಕೇತ ಮಾತ್ರ ಒಯ್ಯೋ ಡಿವಿಐ-ಡಿ ಪ್ಲಗ್ಗೇ ಕೇಳಿ. ಆ ನಾಲ್ಕು ಪಿನ್ ಇರೋ ಪ್ಲಗ್ ಒಳಗೇ ಹೋಗಲ್ಲ.

ಪುಣೆ, ಹಡಪ್ಸರ್‌ನಿಂದ

ಅಕ್ಕಾರ, ರೊಕ್ಕ ಖರ್ಚು ಮಾಡೂಕಿಂತ ಮೊದಲ ಎರಡು ನಿಮಿಷದ ಕೆಲಸ ಅದ ನೋಡ್ರಿ. ತುಂಬ ಅಕ್ಷರ ಇರೋ ಒಂದು ಬಿಳಿ ಪುಟ ಪೂರ್ತಿ ಪರದೆಗೆ ತಗದು, ಮಾನಿಟರಿನ ಆಟೋ ಬಟನ್ ಒತ್ರಿ. ಕಪ್ಪು ವಾಲ್‌ಪೇಪರ್ ಮ್ಯಾಲೆ ಒತ್ತಿದ್ರ ಅಂಚು ಎಲ್ಲಿ ಅಂತ ಅದಕ್ಕ ಗೊತ್ತಾಗಂಗಿಲ್ಲ. ನಮ್ಮ ಮನ್ಯಾಗ ಇಷ್ಟಕ್ಕ ಅರ್ಧ ಮಂಜು ಹೋತು.

ಇನ್ನೊಂದು, ಸೆಟ್ಟಿಂಗ್‌ದಾಗ ರೆಸಲ್ಯೂಷನ್, ಅಂದ್ರ ಪರದೆಯ ಚುಕ್ಕಿ ಲೆಕ್ಕ, ಎಷ್ಟದ? 22 ಇಂಚಿನವು ಭಾಳಷ್ಟು 1680×1050 ಇರ್ತಾವ. ಅಲ್ಲಿ 1024×768 ಅಂತ ಇದ್ರ ಯಾವ ಕೇಬಲ್ ಹಾಕಿದ್ರೂ ಮಬ್ಬ. ಅಗ್ಗದ ವಿಜಿಎ ಕೇಬಲಿನಾಗ ಕೆಲವು ಪಿನ್ನಿಗೆ ತಂತೀನ ಇರಂಗಿಲ್ಲ, ಮಾನಿಟರ್ ಸಿಪಿಯುಗೆ ತನ್ನ ಅಳತಿ ಹೇಳೂ ದಾರೀನ ಬಂದ್.

ವಾಸ್ಕೋದಿಂದ

ನಮ್ಮಲ್ಲಿ ಮಳೆಗಾಲದಲ್ಲಿ ವಿಜಿಎ ಪಿನ್ನಿಗೆ ಹಸಿರು ಹಿಡಿದು ಪರದೆಯೆಲ್ಲ ಹಳದಿಯಾಗಿತ್ತು. ಬಿಚ್ಚಿ ಒರೆಸಿ ಸ್ಕ್ರೂ ಬಿಗಿ ಮಾಡಿದೆ, ಸರಿಹೋಯಿತು. ಆಮೇಲೆ ಎಚ್‌ಡಿಎಂಐ ಮಾನಿಟರ್ ತಂದರೆ ಕಪ್ಪು ಬೂದಿಯಂತೆ! ಗ್ರಾಫಿಕ್ಸ್ ಕಾರ್ಡು ಅದನ್ನು ಟಿವಿ ಅಂದುಕೊಂಡು, ಕಪ್ಪಿನಿಂದ ಬಿಳಿವರೆಗಿನ 0–255 ಮಟ್ಟಗಳ ಬದಲು 16–235 ಮಾತ್ರ ಕಳಿಸುತ್ತಿತ್ತು. ಸೆಟ್ಟಿಂಗ್‌ನಲ್ಲಿ ಫುಲ್ ರೇಂಜ್ ಮಾಡಬೇಕಾಯಿತು.

ಠಾಣೆಯಿಂದ

ನನ್ನ ಪೆದ್ದುತನ ಕೇಳಿ ಮಾರಾಯ್ರೆ. ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ, ಮಾನಿಟರಿನಲ್ಲಿ ಡಿಸ್‌ಪ್ಲೇಪೋರ್ಟ್. ಎರಡು ತುದಿಯೂ ಸರಿಯಾಗಿ ಕೂರುವ ಕೇಬಲ್ ಸಿಕ್ಕಿತು, ಪರದೆ ಮಾತ್ರ ಕಪ್ಪು. ಆ ಕೇಬಲ್ ಹೋಗುವುದು ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಮಾತ್ರ, ತಿರುಗಿಸಿ ಹಾಕಿದರೆ ಇಲ್ಲ. ಪ್ಯಾಕೆಟಿನಲ್ಲಿ ಸಣ್ಣಕ್ಷರದಲ್ಲಿ ಬರೆದದ್ದು ಉಂಟು, ಓದಿದವರು ಯಾರು?

ಆದರೆ ವಿಜಿಎಯನ್ನು ಗುಜರಿಗೆ ಹಾಕಬೇಡಿ. ನಮ್ಮ ಸಂಘದ ಸಭಾಂಗಣದಲ್ಲಿ ಪ್ರೊಜೆಕ್ಟರಿಗೆ 15 ಮೀಟರ್ ವಿಜಿಎ ಇದೆ. ಅಕ್ಷರಕ್ಕೆ ನೆರಳು ಬೀಳ್ತದೆ, ಆದ್ರೂ ನಡೀತದೆ. ಅದೇ ಜಾಗಕ್ಕೆ ಅಗ್ಗದ ಉದ್ದ ಎಚ್‌ಡಿಎಂಐ ಎಳೆದಾಗ ಮಿಣಮಿಣ ಚುಕ್ಕಿ ಬಂದು, ಯಕ್ಷಗಾನದ ವಿಡಿಯೋ ನಡುವೆ ಪರದೆ ಕತ್ತಲು. ಮೇಜಿನ ಮೇಲಿನ ಎರಡು ಮೀಟರಿಗೆ ಆ ಭಯ ಬೇಡ.

ಡೊಂಬಿವಲಿಯಿಂದ ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಆಟೋ ಒತ್ತಿದ ಮೇಲೆ ಸ್ವಲ್ಪ ಸುಧಾರಿಸ್ತು, ಆದ್ರೆ ಬಲಭಾಗದಲ್ಲಿ ಒಂದು ಪಟ್ಟಿ ಅಲುಗಾಡ್ತಾನೇ ಇತ್ತು. ಶನಿವಾರ ಆ ಎಚ್‌ಡಿಎಂಐ-ಡಿವಿಐ ಕೇಬಲ್ ತಂದೆ. ಧಕಾರದ ಸೀಳು ಈಗ ಹತ್ತು ಪಾಯಿಂಟ್‌ನಲ್ಲೂ ಕಾಣುತ್ತೆ. ಒಂದೇ ತೊಂದರೆ: ಸೌಂಡ್ ಹೋಯ್ತು. ಸ್ಪೀಕರ್ ಆ ಕನ್ವರ್ಟರ್‌ಗೇ ಚುಚ್ಚಿದ್ದೆ.

ಮಾಟುಂಗಾದಿಂದ

ಸಿಪಿಯು ಹಿಂದೆ ಹಸಿರು ತೂತು ಇರುತ್ತೆ ಅಕ್ಕ, ಸ್ಪೀಕರ್ ಅಲ್ಲಿಗೆ ಹಾಕಿ.