ಸಹಾಯ ಬೇಕು: ಬೆಳ್ಳಿ ನ್ಯಾನೋ ಕ್ಲಸ್ಟರ್ ಗಾತ್ರ ಒಂದೇ ಸಮ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಫಿಸಿಕ್ಸ್ ಪಿಎಚ್‌ಡಿ ಮಾಡುತ್ತಿದ್ದೇನೆ. ಆರ್ಗಾನ್ ಪ್ಲಾಸ್ಮಾ ಬಡಿದಾಗ ಬೆಳ್ಳಿ ಟಾರ್ಗೆಟ್‌ನಿಂದ (ಬೆಳ್ಳಿಯ ತಟ್ಟೆ) ಕಿತ್ತು ಬರುವ ಪರಮಾಣುಗಳು ತಣ್ಣನೆಯ ಗ್ಯಾಸ್‌ನಲ್ಲಿ ಗುಂಪುಗೂಡಿ ಕ್ಲಸ್ಟರ್ ಆಗುತ್ತವೆ. ನನಗೆ 5 ನ್ಯಾನೋಮೀಟರ್ ಗಾತ್ರ ಬೇಕು. ಬೆಳಿಗ್ಗೆ ಸರಿಯಾಗೇ ಬರುತ್ತದೆ. ಮಧ್ಯಾಹ್ನ ಅದೇ ಪವರ್, ಅದೇ ಗ್ಯಾಸ್ ಫ್ಲೋ ಇಟ್ಟರೂ ಮಾಸ್ ಫಿಲ್ಟರ್‌ನಲ್ಲಿ (ಕ್ಲಸ್ಟರ್‌ಗಳನ್ನು ತೂಕದ ಮೇಲೆ ಬೇರ್ಪಡಿಸುವ ಭಾಗ) ಗಾತ್ರ ಬೇರೆಯೇ ಕಾಣುತ್ತದೆ.

ಟಾರ್ಗೆಟ್ ಬಿಚ್ಚಿ ನೋಡಿದೆ. ಉಂಗುರದ ಹಾಗೆ ಸವೆದ ಗುಂಡಿ ಉಗುರಿಗೆ ತಾಕುತ್ತದೆ. ಆದರೆ ಮರುದಿನ ಬೆಳಿಗ್ಗೆ ಎಲ್ಲ ಮತ್ತೆ ಸರಿ. ಸವೆತ ಕಾರಣವಾಗಿದ್ದರೆ ಹೀಗೆ ವಾಪಸ್ ಬರುತ್ತಿರಲಿಲ್ಲ ಅಲ್ವಾ? ನಮ್ಮೂರ ಬಿಸಿಲಿಗೆ ಕೂಲಿಂಗ್ ನೀರು ಕಾದು, ಗ್ಯಾಸ್ ಬಿಸಿಯಾಗುತ್ತಿದೆ ಅಂತ ನನ್ನ ಅನುಮಾನ.

ಟಾರ್ಗೆಟ್‌ನಿಂದ ಹೊರದಾರಿಯವರೆಗಿನ ದೂರ ಕಡಿಮೆ ಮಾಡಿದೆ. ಗಾತ್ರ ಇಳಿಯಿತು, ಕ್ಲಸ್ಟರ್‌ಗಳೂ ಕಡಿಮೆಯಾದವು. ಗಾತ್ರ ಹಿಡಿತಕ್ಕೆ ತರಲು ಹೀಲಿಯಂ ಬೆರೆಸಬಹುದು, ಆದರೆ ಸಿಲಿಂಡರ್ ತುಂಬಾ ದುಬಾರಿ. ಇಂಥ ಸೆಟಪ್‌ನಲ್ಲಿ ಕೈಯಾಡಿಸಿದವರು ದಯವಿಟ್ಟು ಹೇಳಿ, ಮೊದಲು ಚಿಲ್ಲರ್ (ಕೂಲಿಂಗ್ ನೀರನ್ನು ತಣ್ಣಗಿಡುವ ಯಂತ್ರ) ಹಾಕಿಸಲಾ?